ಒಂದು ಹೆಸರಿಗೆ ಎಂಬತ್ತು ರೂಪಾಯಿ

ಮತದಾರರ ಪಟ್ಟಿಯ ಜಾಲತಾಣಕ್ಕೆ ಕೊನೆಗೂ ಬೀಗ ಬಿದ್ದಿದೆ. ಇನ್ನು ಮುಂದೆ ಹೆಸರು ಸೇರಿಸುವುದಕ್ಕಾಗಲಿ, ತಿದ್ದುವುದಕ್ಕಾಗಲಿ, ಪಕ್ಕದ ಮನೆಯವರ ಹೆಸರು ತೆಗೆಸುವುದಕ್ಕಾಗಲಿ ಆನ್‌ಲೈನಿನಲ್ಲಿ ಅರ್ಜಿ ಹಾಕುವವರು ಆಧಾರ್ ಸಂಖ್ಯೆ ಕೊಟ್ಟು, ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿ ಹಾಕಿ, ಇ-ಸೈನ್ ಎಂಬ ವಿದ್ಯುನ್ಮಾನ ಸಹಿ ಹಾಕಿ, ತಾವು ತಾವೇ ಹೌದೆಂದು ರುಜುವಾತುಪಡಿಸಬೇಕಂತೆ. ಬಹಳ ಸಂತೋಷ. ಹಾಗಾದರೆ ಇಷ್ಟು ದಿನ ಏನನ್ನು ರುಜುವಾತುಪಡಿಸುತ್ತಿದ್ದೆವು ಎಂದು ಕೇಳಬಾರದು. ಅದು ಹಬ್ಬದ ಮನೆಯಲ್ಲಿ ಹಳೆಯ ಸಾಲದ ಮಾತೆತ್ತಿದಂತೆ.

ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಮತದಾರರ ಹೆಸರು ತೆಗೆಸಲು ಸುಳ್ಳು ಅರ್ಜಿಗಳು ಬಿದ್ದ ಕಥೆಯನ್ನು ರಾಹುಲ್ ಗಾಂಧಿಯವರು ದೆಹಲಿಯಲ್ಲಿ ಪರದೆಯ ಮೇಲೆ ತೋರಿಸಿದ್ದು 2025ರ ಸೆಪ್ಟೆಂಬರ್ 18ರಂದು. ಇ-ಸೈನ್ ಬಂದಿರುವ ಸುದ್ದಿ ಪತ್ರಿಕೆಗಳಲ್ಲಿ ಕಾಣಿಸಿದ್ದು ಅದಾದ ಒಂದು ವಾರದೊಳಗೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿಲ್ಲವೆಂದು ತರ್ಕಶಾಸ್ತ್ರ ಹೇಳುವುದರಿಂದ ನಾನೂ ಆ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದೇನೆ.

ಆಳಂದ ನಮಗೆ ಗೊತ್ತಿದ್ದದ್ದು ಲಾಡ್ಲೆ ಮಶಾಕರ ದರ್ಗಾದಿಂದ, ತೊಗರಿಯಿಂದ, ಬೇಸಿಗೆಯ ಬಿಸಿಲಿನಿಂದ. ಅಲ್ಲಿ ಇಷ್ಟೊಂದು ಮಂದಿ ಕಂಪ್ಯೂಟರ್ ಪಂಡಿತರಿದ್ದಾರೆ ಎಂಬುದು ತಿಳಿದದ್ದು ಫಾರಂ 7ರಿಂದ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆ ಒಂದೇ ಕ್ಷೇತ್ರದಿಂದ ಹೆಸರು ತೆಗೆದುಹಾಕಿರೆಂದು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾದವು 24. ಉಳಿದ 5,994 ಸುಳ್ಳು. ಇದು ಚುನಾವಣಾ ಆಯೋಗದ್ದೇ ಲೆಕ್ಕ. ಸಾವಿರ ಅರ್ಜಿಗೆ ನಾಲ್ಕು ನಿಜ ಎಂದಾಯಿತು. ನಮ್ಮೂರಿನ ಮದುವೆ ದಲ್ಲಾಳಿಗಳ ಜಾತಕಗಳಲ್ಲಿ ಕೂಡ ಇದಕ್ಕಿಂತ ಹೆಚ್ಚು ಸತ್ಯವಿರುತ್ತದೆ.

ಫಾರಂ 7 ಎಂಬುದು ನಿಜಕ್ಕೂ ಅತ್ಯಂತ ಸಾಮಾಜಿಕ ಕಳಕಳಿಯ ನಮೂನೆ. ಅದೇ ಕ್ಷೇತ್ರದ ಮತದಾರನೊಬ್ಬ ಮತ್ತೊಬ್ಬ ಮತದಾರನ ಬಗ್ಗೆ ‘ಈತ ತೀರಿಕೊಂಡಿದ್ದಾನೆ’, ‘ಈಕೆ ಊರು ಬಿಟ್ಟಿದ್ದಾಳೆ’ ಎಂದು ಸರ್ಕಾರದ ಕಿವಿಯಲ್ಲಿ ಹೇಳಬಹುದು. ಸುಳ್ಳು ಹೇಳಿದರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು. ಹಾಗಾಗಿ ಬುದ್ಧಿವಂತರು ಸುಳ್ಳನ್ನು ಸ್ವಂತ ಹೆಸರಿನಲ್ಲಿ ಹೇಳುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಅದೇ ಊರಿನ ಯಾರೋ ಪಾಪದವನ ಹೆಸರಿನಲ್ಲಿ, ಅವನಿಗೆ ತಿಳಿಯದಂತೆ, ಇನ್ಯಾರದೋ ಮೊಬೈಲಿನಿಂದ ಹೇಳಿದರು. ಸೆಪ್ಟೆಂಬರಿನ ಪತ್ರಿಕಾಗೋಷ್ಠಿಯಲ್ಲಿ ರಾಹುಲ್ ಗಾಂಧಿಯವರು ಹೇಳಿದಂತೆ ಒಬ್ಬರ ಹೆಸರಿನಲ್ಲಿ ಎರಡು ಅರ್ಜಿಗಳು 36 ಸೆಕೆಂಡುಗಳಲ್ಲಿ ಭರ್ತಿಯಾಗಿದ್ದವು, ಅದೂ ನಸುಕಿನ ನಾಲ್ಕು ಗಂಟೆ ಏಳು ನಿಮಿಷಕ್ಕೆ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ಮುಖ ತೊಳೆದೋ ತೊಳೆಯದೆಯೋ, ಏಳನೇ ನಿಮಿಷಕ್ಕೆ ಸರಿಯಾಗಿ ಫಾರಂ ಏಳು ತುಂಬುವ ಈ ಶಿಸ್ತು ನಮ್ಮ ಮಕ್ಕಳಿಗೆ ಪರೀಕ್ಷೆಯ ಕಾಲದಲ್ಲಾದರೂ ಬರಬಾರದೆ? ನಾನಂತೂ ಇಂಥ ಅರ್ಜಿಯಲ್ಲಿ ‘ನಾನು ಯಂತ್ರಮಾನವನಲ್ಲ’ ಎಂದು ಸಾಬೀತುಪಡಿಸುವ ವಕ್ರಾಕ್ಷರಗಳನ್ನು ಓದುವುದಕ್ಕೇ ಒಂದೂವರೆ ನಿಮಿಷ ತೆಗೆದುಕೊಳ್ಳುತ್ತೇನೆ. ಅದು ಸೊನ್ನೆಯೋ ‘ಓ’ ಅಕ್ಷರವೋ ಎಂಬ ಜಿಜ್ಞಾಸೆಯಲ್ಲೇ ನನ್ನ ಮನುಷ್ಯತ್ವ ಎರಡು ಬಾರಿ ತಿರಸ್ಕೃತವಾಗುತ್ತದೆ. ನಿಜವಾದ ಯಂತ್ರ ಮಾತ್ರ ಒಂದೇ ಏಟಿಗೆ ಒಳಗೆ ಹೋಗಿ, ಕೆಲಸ ಮುಗಿಸಿಕೊಂಡು ಬರುತ್ತದೆ.

ಒಂದು ಅರ್ಜಿಗೆ 80 ರೂಪಾಯಿಯಂತೆ ಕೂಲಿ ಕೊಡಲಾಗಿತ್ತೆಂದು ರಾಜ್ಯದ ವಿಶೇಷ ತನಿಖಾ ತಂಡದ (ಎಸ್‌ಐಟಿ) ತನಿಖೆಯಲ್ಲಿ ಕಂಡುಬಂದಿದೆ ಎಂದು ಪತ್ರಿಕೆಗಳು ಬರೆದವು. ಹಾಗಿದ್ದರೆ ಒಟ್ಟು ನಾಲ್ಕು ಲಕ್ಷ ಎಂಬತ್ತು ಸಾವಿರದ ಚಿಲ್ಲರೆ. 2018ರಲ್ಲಿ ಇದೇ ಕ್ಷೇತ್ರದಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದ ಅಂತರ 697 ಮತ ಎಂಬುದನ್ನು ನೆನೆದರೆ, ಚುನಾವಣೆಯ ಖರ್ಚಿನ ಬಾಬತ್ತಿನಲ್ಲಿ ಇದಕ್ಕಿಂತ ಅಗ್ಗದ್ದು ಬ್ಯಾನರು ಕಟ್ಟುವ ಹಗ್ಗ ಮಾತ್ರ ಇದ್ದೀತು. ಮತದಾರನಿಗೆ ಮೂಗುತಿ, ಕುಕ್ಕರು, ಸೀರೆ ಕೊಟ್ಟು ಅವನು ಯಾರಿಗೆ ಒತ್ತಿದನೋ ಎಂದು ನಿದ್ದೆಗೆಡುವುದಕ್ಕಿಂತ ಮತದಾರನೇ ಇಲ್ಲದಂತೆ ಮಾಡುವುದು ಎಷ್ಟು ನೆಮ್ಮದಿಯ ಉಪಾಯ! ಯಾರು ಮಾಡಿಸಿದರು ಎಂಬುದನ್ನು ತನಿಖೆ ಮತ್ತು ನ್ಯಾಯಾಲಯ ನೋಡಿಕೊಳ್ಳಲಿ. ನನಗೆ ಅಚ್ಚರಿ ಹುಟ್ಟಿಸುವುದು ದರಪಟ್ಟಿ.

ಅದಿರಲಿ, ಈ ಸುಳ್ಳು ಸಿಕ್ಕಿಬಿದ್ದದ್ದು ಹೇಗೆ? ಯಾವ ಸರ್ವರೂ ಗಂಟೆ ಬಾರಿಸಲಿಲ್ಲ. ಒಂದೇ ಕ್ಷೇತ್ರದಿಂದ ಸಾವಿರಾರು ಜನ ಒಮ್ಮೆಲೇ ಒಬ್ಬರನ್ನೊಬ್ಬರು ಪಟ್ಟಿಯಿಂದ ಓಡಿಸಲು ಹೊರಟಿದ್ದಾರಲ್ಲ ಎಂದು ಯಾವ ತಂತ್ರಾಂಶಕ್ಕೂ ಸಂಶಯ ಬರಲಿಲ್ಲ. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರ ಕೈಗೆ ಬಂದ ಅರ್ಜಿಯಲ್ಲಿ ಅವರ ಹತ್ತಿರದ ಬಂಧುವಿನ ಹೆಸರೇ ಇತ್ತು. ಕಣ್ಣೆದುರು ಓಡಾಡಿಕೊಂಡಿರುವ ಮನುಷ್ಯ ಊರಲ್ಲಿಲ್ಲವೆಂದರೆ ಯಾರು ನಂಬುತ್ತಾರೆ? ಅರ್ಜಿ ಹಾಕಿದವರೆನ್ನಲಾದ ನೆರೆಯವರನ್ನು ಕೇಳಿದರೆ ಅವರಿಗೆ ಅದರ ಸುದ್ದಿಯೇ ಇಲ್ಲ. ಅಲ್ಲಿಗೆ ಇಡೀ ಗಂಟು ಬಿಚ್ಚಿಕೊಂಡಿತು. ಬಿಎಲ್‌ಒ ಎಂದರೆ ಯಾರು? ಅಂಗನವಾಡಿಯ ಮಕ್ಕಳಿಗೆ ಮೊಟ್ಟೆ ಹಂಚಿ, ಬಾಣಂತಿಯರ ಪುಸ್ತಕ ಬರೆದು, ಇಲ್ಲವೇ ಶಾಲೆಯಲ್ಲಿ ಪಾಠ ಮುಗಿಸಿ, ಮಿಕ್ಕ ಸಮಯದಲ್ಲಿ ಮನೆಮನೆ ಸುತ್ತುವ ಕಾರ್ಯಕರ್ತೆ ಅಥವಾ ಮೇಷ್ಟರು. ಕೋಟಿಗಟ್ಟಲೆ ಹೆಸರುಗಳ ಗುರುತು ಪರಿಶೀಲನಾ ವ್ಯವಸ್ಥೆಯಲ್ಲಿ ಆ ದಿನ ಕೆಲಸ ಮಾಡಿದ ಏಕೈಕ ತಂತ್ರಜ್ಞಾನವೆಂದರೆ ಸೋದರ ಸಂಬಂಧ.

ಇಲ್ಲಿ ಬಿಹಾರದ ಆ ಮಹನೀಯನನ್ನು ನೆನೆಯದೆ ಮುಂದೆ ಹೋಗುವುದು ಕೃತಘ್ನತೆಯಾದೀತು. 2025ರ ಜುಲೈಯಲ್ಲಿ, ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆಯುತ್ತಿದ್ದ ಹೊತ್ತಿನಲ್ಲೇ, ಪಟ್ನಾ ಜಿಲ್ಲೆಯ ಮಸೌಢಿಯಲ್ಲಿ ‘ಡಾಗ್ ಬಾಬು’ ಎಂಬುವರಿಗೆ ವಾಸಸ್ಥಳ ಪ್ರಮಾಣಪತ್ರ ಸಿಕ್ಕಿತು. ತಂದೆ ಕುತ್ತಾ ಬಾಬು, ತಾಯಿ ಕುತಿಯಾ ದೇವಿ. ಭಾವಚಿತ್ರದಲ್ಲಿ ನಾಯಿ, ಕೆಳಗೆ ಅಧಿಕಾರಿಯ ಡಿಜಿಟಲ್ ಸಹಿ. ಗುಟ್ಟು ಬಯಲಾದ ಮೇಲೆ ಪತ್ರ ರದ್ದಾಯಿತು, ಎಫ್‌ಐಆರ್ ಆಯಿತು. ಆದರೆ ಆ ಅರ್ಜಿಯ ಅಚ್ಚುಕಟ್ಟುತನವನ್ನು ಮೆಚ್ಚಲೇಬೇಕು: ಹೆಸರು, ತಂದೆ, ತಾಯಿ, ಊರು, ಭಾವಚಿತ್ರ, ಯಾವ ಖಾನೆಯೂ ಖಾಲಿಯಿಲ್ಲ. ಯಂತ್ರಕ್ಕೆ ಬೇಕಾದದ್ದು ಅಷ್ಟೇ. ಆ ಪರಿಷ್ಕರಣೆಗೆ ಆಯೋಗ ಪಟ್ಟಿ ಮಾಡಿದ 11 ದಾಖಲೆಗಳಲ್ಲಿ ವಾಸಸ್ಥಳ ಪ್ರಮಾಣಪತ್ರ ಇತ್ತು, ಆಧಾರ್ ಇರಲಿಲ್ಲ. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದು ಹನ್ನೆರಡನೆಯದಾಗಿ ಪಂಕ್ತಿಯ ತುದಿಯಲ್ಲಿ ಎಲೆ ಹಾಕಿಸಿಕೊಂಡಿತು.

ಈ ಆಧಾರಿನ ಜಾತಕವೇ ವಿಚಿತ್ರ. ಮತದಾರರ ಪಟ್ಟಿಗೆ ಆಧಾರ್ ಸಂಖ್ಯೆ ಕೊಡುವುದು ಕಡ್ಡಾಯವಲ್ಲವೆಂದು ಆಯೋಗ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಅಷ್ಟು ಹೊತ್ತಿಗೆ ಸುಮಾರು 66 ಕೋಟಿ ಆಧಾರ್ ಸಂಖ್ಯೆಗಳು ‘ಸ್ವಇಚ್ಛೆಯಿಂದ’ ಜಮೆಯಾಗಿದ್ದವು. ಆಧಾರ್ ಪೌರತ್ವದ ಪುರಾವೆಯಲ್ಲ ಎಂಬುದು ಕಾನೂನಿನ ಪ್ರಕಾರ ಸರಿಯೇ. ಆದ್ದರಿಂದ ಅದನ್ನು ಹಿಡಿದು ಒಂದು ಬಾಗಿಲಿಗೆ ಹೋದರೆ ‘ಇದು ಸಾಲದು’ ಎನ್ನುತ್ತಾರೆ. ಇನ್ನೊಂದು ಬಾಗಿಲಿಗೆ ಹೋದರೆ ‘ಇದಿಲ್ಲದೆ ಒಳಗೆ ಬರಬೇಡಿ’ ಎನ್ನುತ್ತಾರೆ. ಕಾಗದದ ಅರ್ಜಿಯನ್ನು ಬಿಎಲ್‌ಒ ಕೈಗೆ ಕೊಡುವ ದಾರಿ ಈಗಲೂ ಇದೆ ಎಂಬುದು ನಿಜ. ಆದರೆ ಆನ್‌ಲೈನ್ ವ್ಯವಸ್ಥೆಯ ಸುಧಾರಣೆಯ ಫಲವಾಗಿ ಜನ ಕಾಗದಕ್ಕೆ ಮರಳುವುದಾದರೆ ಅದನ್ನು ಏನೆಂದು ಕರೆಯಬೇಕೋ ನನಗೆ ಹೊಳೆಯುತ್ತಿಲ್ಲ.

ಇನ್ನು ಹೆಸರು ಹೊಂದಾಣಿಕೆ. ಇ-ಸೈನ್ ಆಗಬೇಕಾದರೆ ಅರ್ಜಿಯಲ್ಲಿರುವ ಹೆಸರೂ ಆಧಾರಿನಲ್ಲಿರುವ ಹೆಸರೂ ಒಂದೇ ಆಗಿರಬೇಕು. ಈ ನಿಯಮ ಮಾಡಿದವರು ಕನ್ನಡದ ಹೆಸರುಗಳನ್ನು ಹತ್ತಿರದಿಂದ ಕಂಡವರಲ್ಲ. ನಮ್ಮಲ್ಲಿ ಇನಿಷಿಯಲ್ ಎಂಬುದೊಂದಿದೆ. ಅದು ಒಂದು ಕಾರ್ಡಿನಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಬಿಚ್ಚಿಕೊಂಡು ಊರು ಮತ್ತು ಅಪ್ಪನಾಗಿ ನಿಂತಿರುತ್ತದೆ. ಕನ್ನಡದಲ್ಲಿ ಒಬ್ಬನೇ ಆಗಿರುವ ಶರಣಬಸಪ್ಪ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಮೂವರಾಗಿ, ರೇಷನ್ ಕಾರ್ಡಿಗೊಬ್ಬ, ಆಧಾರಿಗೊಬ್ಬ, ಮತದಾರರ ಚೀಟಿಗೊಬ್ಬ ಎಂದು ಪಾಲಾಗಿರುತ್ತಾನೆ. ಗೌಡರಲ್ಲಿ ‘ಡಬ್ಲ್ಯು’ ಇರುವವರು ಮತ್ತು ‘ಯು’ ಇರುವವರು ಎಂಬ ಹೊಸ ಪಂಗಡಗಳಾಗಿವೆ. ಡಾಗ್ ಬಾಬುವಿಗೆ ಈ ತೊಂದರೆಯಿಲ್ಲ, ಅವನದು ಎಲ್ಲ ಕಡೆಯೂ ಒಂದೇ ಕಾಗುಣಿತ.

ನಮ್ಮ ದೊಡ್ಡಮ್ಮನಿಗೆ ಕಳೆದ ಬಾರಿ ಊರಿಗೆ ಹೋಗಿದ್ದಾಗ ಆಧಾರ್ ಓಟಿಪಿ ಬೇಡುವ ಯಾವುದೋ ಒಂದು ಕೆಲಸವಿತ್ತು. ಬಸ್ ಸ್ಟ್ಯಾಂಡಿನ ಪಕ್ಕದ ಝೆರಾಕ್ಸ್ ಅಂಗಡಿಗೆ ಕರೆದುಕೊಂಡು ಹೋದೆ. ಹುಡುಗ ಸಂಖ್ಯೆ ಒತ್ತಿ, “ಅಮ್ಮಾ, ನಿಮ್ಮ ಮೊಬೈಲಿಗೆ ಓಟಿಪಿ ಹೋಗೈತೆ, ಹೇಳಿ” ಎಂದ. “ನನಗೆಲ್ಲೀದಪ್ಪಾ ಮೊಬೈಲು?” ಎಂದರು ದೊಡ್ಡಮ್ಮ. ಕೊನೆಯ ನಾಲ್ಕು ಅಂಕಿ ನೋಡಿದ ಹುಡುಗ, ಅದು ಅಂಗಡಿಯ ಹಿಂದಿನ ಮಾಲೀಕನ ನಂಬರು ಎಂದು ತಕ್ಷಣ ಗುರುತು ಹಿಡಿದ. ಊರಿನ ಅರ್ಧ ಜನಕ್ಕೆ ಅವನೇ ತನ್ನ ನಂಬರು ಹಾಕಿ ಉಪಕಾರ ಮಾಡಿದ್ದನಂತೆ. ಈಗ ಅಂಗಡಿ ಮಾರಿ ಊರು ಬಿಟ್ಟಿದ್ದಾನೆ. ಮೇಜಿನ ಮೇಲೆ ಎಣ್ಣೆಜಿಡ್ಡು ಹಿಡಿದ ಇನ್ನೂರು ಪುಟದ ನೋಟ್ ಪುಸ್ತಕವೊಂದಿತ್ತು. ಅದರಲ್ಲಿ ನೀಲಿ ಶಾಯಿಯಲ್ಲಿ ಇಡೀ ಊರಿನ ಲಾಗಿನ್ನು, ಪಾಸ್‌ವರ್ಡು. ಹುಡುಗ ಅದನ್ನು ತೆರೆದಿಟ್ಟುಕೊಂಡೇ ಚಹಾ ತರಲು ಹೋದ. ದೊಡ್ಡಮ್ಮನನ್ನು ಅವರೇ ಹೌದೆಂದು ಹೇಳಬಲ್ಲವರು ಆ ರಸ್ತೆಯಲ್ಲಿ ಕನಿಷ್ಠ ಐವತ್ತು ಜನರಿದ್ದರು, ಆದರೆ ಕೆಲಸಕ್ಕೆ ಬೇಕಾಗಿದ್ದವನು ಊರಲ್ಲಿ ಇರಲಿಲ್ಲ.

ನಗುತ್ತಾ ಬರೆಯಲು ಹೊರಟವನಿಗೆ ಇಲ್ಲಿ ನಗು ನಿಲ್ಲುತ್ತದೆ. ಆಳಂದದ ಠಾಣೆಯಲ್ಲಿ ಎಫ್‌ಐಆರ್ ದಾಖಲಾದದ್ದು 2023ರ ಫೆಬ್ರವರಿ 21ರಂದು. ದಾಖಲಿಸಿದ್ದು ಸ್ವತಃ ಚುನಾವಣಾ ಅಧಿಕಾರಿ. ಅಂದರೆ ಬಾಗಿಲು ತೆರೆದೇ ಇದೆ, ಯಾರೋ ನುಗ್ಗಿದ್ದಾರೆ ಎಂಬುದು ಮನೆಯವರಿಗೆ ಮೊದಲ ದಿನವೇ ಗೊತ್ತಿತ್ತು. ಬೀಗ ಬಂದದ್ದು ಎರಡು ವರ್ಷ ಏಳು ತಿಂಗಳ ನಂತರ. ಈ ನಡುವೆ ಒಂದು ಲೋಕಸಭಾ ಚುನಾವಣೆ ಮುಗಿಯಿತು. ರಾಜ್ಯದ ಪೊಲೀಸರು ಇನ್ನಷ್ಟು ತಾಂತ್ರಿಕ ವಿವರ ಬೇಕೆಂದು ಕಾಗದದ ಮೇಲೆ ಕಾಗದ ಬರೆದರು. ಆಯೋಗ ಕೊಡಬೇಕಾದದ್ದನ್ನೆಲ್ಲ ಕೊಟ್ಟಾಗಿದೆ ಎಂದಿತು. ಇವರು ಅವರ ಮೇಲೆ, ಅವರು ಇವರ ಮೇಲೆ. ಹೆಸರು ಅಳಿಸಲಿಲ್ಲವಲ್ಲ, ಮತ್ತೇನು ಗಲಾಟೆ ಎಂಬ ಸಮಜಾಯಿಷಿ ಬೇರೆ. ಕಳ್ಳ ಒಳಗೆ ಬಂದ, ಬೀರು ಒಡೆಯುವಾಗ ಅಜ್ಜಿ ಕೆಮ್ಮಿದ್ದರಿಂದ ಓಡಿಹೋದ. ಆದ್ದರಿಂದ ನಮ್ಮ ಮನೆ ಭದ್ರವಾಗಿದೆ ಎನ್ನುವವರ ಹತ್ತಿರ ಏನು ವಾದ ಮಾಡುವುದು? ಅಜ್ಜಿ ಇಲ್ಲದ ಮನೆಗಳೆಷ್ಟಿವೆ ಎಂದು ಯಾರಾದರೂ ಎಣಿಸಿದ್ದಾರೆಯೆ? ಬೇರೆ ಯಾವ ಕ್ಷೇತ್ರದಲ್ಲಿ ಬಿಎಲ್‌ಒ ಕೈಗೆ ಅವರದೇ ಬಂಧುವಿನ ಹೆಸರು ಬರಲಿಲ್ಲವೋ, ಅಲ್ಲಿ ಏನಾಯಿತು?

ದೊಡ್ಡಮ್ಮನ ವಿಷಯ ಹೇಳುವುದು ಮರೆತೆ. ಮೊಬೈಲ್ ನಂಬರು ಬದಲಿಸಲು ತಾಲ್ಲೂಕಿನ ಕೇಂದ್ರಕ್ಕೇ ಖುದ್ದಾಗಿ ಹೋಗಬೇಕೆಂದರು, ಹೋದೆವು. ಗೊಬ್ಬರ ಎತ್ತಿ, ಪಾತ್ರೆ ತಿಕ್ಕಿ ಸವೆದ ಅವರ ಬೆರಳುಗಳನ್ನು ಯಂತ್ರ ನಾಲ್ಕು ಸಲ ನೋಡಿ ನಾಲ್ಕು ಸಲವೂ ಒಲ್ಲೆ ಎಂದಿತು. ಬೆರಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸೋಮವಾರ ಬನ್ನಿ ಎಂದಿದ್ದಾರೆ.