ಲಗ್ನಪತ್ರಿಕೆಯ ಹಿಂದೆ ಬರೆದ ವಂಶವೃಕ್ಷ

ಹೋದ ಸಲ ದಾವಣಗೆರೆಗೆ ಬಂದಾಗ ನಿಟುವಳ್ಳಿಯ ಮನೆಯಲ್ಲಿ ಅಜ್ಜಿಯ ಪಕ್ಕ ಕೂತು ನಮ್ಮ ವಂಶವೃಕ್ಷ ಬರೆದೆ. ಕೈಗೆ ಸಿಕ್ಕ ಕಾಗದ ಯಾರದೋ ಲಗ್ನಪತ್ರಿಕೆ. ಅದರ ಖಾಲಿ ಬದಿಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಸಂಬಂಧದಲ್ಲೇ ಮದುವೆಯಾಗಿದ್ದರೆ ಇಬ್ಬರ ನಡುವೆ ಜೋಡಿ ಗೆರೆ. ಕಾಯಿಲೆ ಇದ್ದವರ ಗುರುತಿಗೆ ಕಪ್ಪು ತುಂಬಬೇಕು. ಜೆನೆಟಿಕ್ಸ್‌ನವರು ಎಲ್ಲ ಕಡೆ ಹೀಗೇ ಬರೆಯುತ್ತಾರೆ.

ಅಜ್ಜಿಗೆ ಓದು ಬರಹ ಬರುವುದಿಲ್ಲ. ಆದರೆ ನಾಲ್ಕು ತಲೆಮಾರನ್ನು ಎಲ್ಲೂ ತಡವರಿಸದೆ ಹೇಳಿದಳು. ಯಾರು ಅಕ್ಕನ ಮಗಳನ್ನು ತಂದುಕೊಂಡರು, ಯಾರು ಸೋದರತ್ತೆ ಮಗನಿಗೆ ಹೋದರು, ಯಾವ ಮಗುವಿಗೆ ವರ್ಷ ತುಂಬಿದರೂ ಕತ್ತು ನಿಲ್ಲಲಿಲ್ಲ, ಯಾವುದು ಫಿಟ್ಸ್ ಬಂದು ಹೋಯಿತು. ನಡುವೆ ಒಮ್ಮೆ ಕಾಗದ ನೋಡಿ, “ಇಷ್ಟೊಂದು ಜೋಡಿ ಗೆರೆ ಯಾಕೋ ಎಳೀತಿ?” ಅಂದಳು. “ನೀನೇ ಮಾಡ್ಸಿದ ಮದುವೆಗಳಲ್ವಾ ಅಜ್ಜಿ, ನನ್ನ ಕೇಳಿದ್ರೆ?” ಅಂದೆ. ನಕ್ಕಳು. ಆಮೇಲೆ ನಗು ನಿಲ್ಲಿಸಿ ಮುಂದಿನ ಹೆಸರು ಹೇಳಿದಳು.

ನಾನು 11 ವರ್ಷದಿಂದ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದೇನೆ. ಮಿದುಳು ಬೆಳೆಯುವ ಬಗೆ, ಅದು ತಪ್ಪಿದಾಗ ಬರುವ ಕಾಯಿಲೆಗಳು, ಇದೇ ನನ್ನ ಸಂಶೋಧನೆ. ಫೆಲೋಶಿಪ್ ಸಂದರ್ಶನಗಳಲ್ಲಿ, ನಮ್ಮ ಮನೆಯ ಆ ಮಕ್ಕಳನ್ನು ನೋಡಿಯೇ ಈ ದಾರಿ ಹಿಡಿದೆ ಎಂದು ಹೇಳಿಕೊಂಡಿದ್ದೇನೆ. ಕೇಳುವವರಿಗೆ ಇಷ್ಟವಾಗುತ್ತದೆ. ನಿಜ ಹೇಳಬೇಕೆಂದರೆ ಪಿಎಚ್‌ಡಿಗೆ ಆ ವರ್ಷ ಸೀಟು ಖಾಲಿ ಇದ್ದದ್ದು ಆ ಲ್ಯಾಬಿನಲ್ಲಿ. ಮನೆಯ ಮಕ್ಕಳು ನೆನಪಾದದ್ದು ಎಷ್ಟೋ ವರ್ಷದ ಮೇಲೆ, ಜರ್ಮನ್ ಮಕ್ಕಳ ಕಡತ ಓದುವಾಗ.

ಕೆಲಸ ಏನಪ್ಪ ಎಂದು ಊರಲ್ಲಿ ಕೇಳಿದರೆ ಹೀಗೆ ಹೇಳುತ್ತೇನೆ. ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ನಡುವೆ ನೀರು ತುಂಬಿದ ಕೋಣೆಗಳಿರುತ್ತವೆ. ನರಕೋಶಗಳು ಹುಟ್ಟುವುದು ಆ ಕೋಣೆಯ ಗೋಡೆಯ ಪಕ್ಕ. ಹುಟ್ಟಿದ ಜಾಗದಲ್ಲೇ ಕೂರುವ ಹಾಗಿಲ್ಲ. ಹಗ್ಗದಂಥ ಉದ್ದನೆಯ ಎಳೆಗಳನ್ನು ಹಿಡಿದು ಹೊರಗಿನ ಸಿಪ್ಪೆಯತನಕ ಏರಬೇಕು. ಮೊದಲು ಬಂದವು ಒಳಪದರದಲ್ಲಿ ನಿಲ್ಲುತ್ತವೆ. ಆಮೇಲೆ ಬಂದವು ಅವನ್ನು ದಾಟಿಕೊಂಡು ಇನ್ನೂ ಮೇಲೆ ಹೋಗುತ್ತವೆ. ಹೀಗೆ ಆರು ಪದರ ಆಗುತ್ತದೆ. ದುರ್ಗದ ಕೋಟೆಗೆ ಏಳು ಸುತ್ತು, ಮಿದುಳಿಗೆ ಆರು ಎಂದರೆ ಚಿತ್ರದುರ್ಗದ ನಮ್ಮ ಮಾವನಿಗೆ ಬಲು ಖುಷಿ. ಹುಟ್ಟುವ ಕೋಶಗಳೇ ಕಡಿಮೆಯಾದರೆ ತಲೆ ಚಿಕ್ಕದಾಗುತ್ತದೆ. ಏರುವ ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಮಡಿಕೆಗಳಿಲ್ಲದ ನುಣುಪು ಮಿದುಳು. ಅಂಥ ಮಕ್ಕಳಿಗೆ ಫಿಟ್ಸ್ ಜಾಸ್ತಿ.

ಇಷ್ಟು ಕೇಳಿದ ಮೇಲೆ ಊರಿನವರು ಒಂದೇ ಪ್ರಶ್ನೆ ಹಾಕುತ್ತಾರೆ. “ಔಷಧಿ ಐತಾ ಇದಕ್ಕೆ?”

ಜರ್ಮನಿಯಲ್ಲಿ ನನ್ನನ್ನು ಯಾರೂ ಹೀಗೆ ಕೇಳಿಲ್ಲ. ಅಲ್ಲಿ ಸಂಶೋಧನೆ ಎಂದರೆ ಬೇಕರಿ ಕೆಲಸದಷ್ಟೇ ಸಹಜವಾದ ಕೆಲಸ, ಯಾಕೆ ಮಾಡುತ್ತೀಯ ಎಂದು ಕೇಳುವುದಿಲ್ಲ. ಮೊದಮೊದಲು ಅದೇ ದೊಡ್ಡ ಬಿಡುಗಡೆ ಅನಿಸಿತ್ತು. ಈಗ ಊರಿನ ಪ್ರಶ್ನೆಯೇ ಸರಿ ಅನಿಸುತ್ತದೆ. ಯಾಕೆಂದರೆ ಅದಕ್ಕೆ ಉತ್ತರ ಪೂರ್ತಿ “ಇಲ್ಲ” ಅಲ್ಲ. ಕೆಲವು ಮಕ್ಕಳಿಗೆ ಹುಟ್ಟಿದ ಕೂಡಲೇ ಶುರುವಾಗುವ ಫಿಟ್ಸ್ ಮಾಮೂಲಿ ಔಷಧಿಗಳಿಗೆ ಬಗ್ಗುವುದಿಲ್ಲ, ಬಿ6 ವಿಟಮಿನ್‌ಗೆ ನಿಲ್ಲುತ್ತದೆ. ಬಯೋಟಿನಿಡೇಸ್ ಎಂಬ ಕಿಣ್ವ ಕಡಿಮೆಯಿರುವ ಮಕ್ಕಳಿಗೆ ಫಿಟ್ಸ್ ಬರುತ್ತದೆ, ಕೂದಲು ಉದುರುತ್ತದೆ, ಕಿವಿ ಮಂದವಾಗುತ್ತದೆ. ಅವರಿಗೆ ಬೇಕಾದದ್ದು ಬಯೋಟಿನ್, ಅದೂ ಒಂದು ವಿಟಮಿನ್ನೇ. ಬೇಗ ಗೊತ್ತಾಗಬೇಕು ಅಷ್ಟೇ. ಈ ಎರಡು ಕಾಯಿಲೆಗಳೂ ತಂದೆ ತಾಯಿ ಇಬ್ಬರಲ್ಲೂ ಒಂದೇ ಜೀನ್ ಕೆಟ್ಟಿದ್ದಾಗ ಮಗುವಿಗೆ ಬರುವಂಥವು. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಸಂಬಂಧದಲ್ಲಿ ಮದುವೆಯಾದವರಿಗೆ ಒಂದೇ ಕೆಟ್ಟ ಜೀನ್ ಇಬ್ಬರ ಬಳಿಯೂ ಇರುವ ಅವಕಾಶ ಹೆಚ್ಚು. ಹಾಗಂತ ಸಂಬಂಧದ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ತೊಂದರೆ ಎಂದೇನಿಲ್ಲ. ಬಹುಪಾಲು ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ನಾನೂ ಅಂಥವನೇ.

ಈಗ ಅಜ್ಜಿಯ ಕಾಗದಕ್ಕೆ ಬರೋಣ. ನಮ್ಮ ಕ್ಲಿನಿಕ್‌ಗೆ ಬರುವ ಜರ್ಮನ್ ದಂಪತಿಗೆ ಅಜ್ಜಿಯ ತಂಗಿಯ ಹೆಸರು ಕೇಳಿದರೆ ಎಷ್ಟೋ ಸಲ ಮುಖ ಮುಖ ನೋಡಿಕೊಳ್ಳುತ್ತಾರೆ. ಆದರೆ ಮಗುವಿನ ಕಾಗದಪತ್ರ ಪಕ್ಕಾ. ಅಲ್ಲಿ ಪ್ರತಿ ಮಗುವಿಗೂ ಒಂದು ಹಳದಿ ಪುಸ್ತಕ ಕೊಡುತ್ತಾರೆ. ಹುಟ್ಟಿದ ದಿನದಿಂದ ಐದು ವರ್ಷ ದಾಟುವವರೆಗೆ ಗೊತ್ತಾದ ದಿನಗಳಲ್ಲಿ ತಪಾಸಣೆ. ತಲೆಯ ಸುತ್ತಳತೆಯನ್ನೂ ಟೇಪಿನಲ್ಲಿ ಅಳೆದು ಗೆರೆಯ ಮೇಲೆ ಚುಕ್ಕಿ ಇಡುತ್ತಾರೆ. ಚುಕ್ಕಿ ಗೆರೆ ಬಿಟ್ಟು ಜಾರಿದರೆ ಡಾಕ್ಟರಿಗೆ ಗೊತ್ತಾಗಿಬಿಡುತ್ತದೆ. ಮಗು ಹುಟ್ಟಿದ ಎರಡು ಮೂರು ದಿನದಲ್ಲಿ ಹಿಮ್ಮಡಿ ಚುಚ್ಚಿ ನಾಲ್ಕು ತೊಟ್ಟು ರಕ್ತ ತೆಗೆದು ಥೈರಾಯ್ಡ್, ಬಯೋಟಿನಿಡೇಸ್ ಮುಂತಾದವನ್ನು ನೋಡುತ್ತಾರೆ.

ನಮ್ಮಲ್ಲೂ ತಾಯಿ ಕಾರ್ಡ್ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಬೆಳವಣಿಗೆ ತಡವಾಗುವುದನ್ನು ಪತ್ತೆ ಮಾಡುವುದೂ ಅದರ ಕೆಲಸವೇ. ಕಾಗದದಲ್ಲಿ ಏನೂ ಕಡಿಮೆಯಿಲ್ಲ. ಆದರೆ ನನ್ನ ಅಕ್ಕನ ಮಗುವಿನ ಕಾರ್ಡು ಬಿಚ್ಚಿ ನೋಡಿದೆ. ಲಸಿಕೆ ಪೂರ್ತಿ ಬರೆದಿದೆ, ತೂಕ ಬರೆದಿದೆ, ತಲೆಯ ಅಳತೆ ಎಲ್ಲೂ ಇಲ್ಲ. ಹಿಮ್ಮಡಿಯ ರಕ್ತ ಪರೀಕ್ಷೆ ನಮ್ಮಲ್ಲಿ ಇನ್ನೂ ಎಲ್ಲ ಮಕ್ಕಳಿಗೂ ಆಗುತ್ತಿಲ್ಲ. ಥೈರಾಯ್ಡ್ ಕಡಿಮೆಯಿರುವ ಕೂಸಿಗೆ ಮೊದಲ ವಾರಗಳಲ್ಲೇ ಮಾತ್ರೆ ಶುರು ಮಾಡಿದರೆ ಬುದ್ಧಿ ಉಳಿಯುತ್ತದೆ. ತಡವಾದರೆ ಹೋದದ್ದು ಹೋಯಿತು. ಮಾತ್ರೆಯೋ ಬಲು ಅಗ್ಗ. ಇದಕ್ಕೆ ಹೈಡೆಲ್‌ಬರ್ಗ್ ಬೇಕಾಗಿಲ್ಲ.

ಎಲ್ಲದರಲ್ಲೂ ಅವರೇ ಮುಂದೆ ಎಂದುಕೊಳ್ಳಬೇಡಿ. ಉಪ್ಪಿನ ವಿಷಯ ಕೇಳಿ. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರಬಾರದು ಎಂದು ನಮ್ಮ ದೇಶದಲ್ಲಿ 2006ರಿಂದ ಕಾನೂನೇ ಇದೆ. ಬಸುರಿ ಹೆಂಗಸಿಗೆ ಅಯೋಡಿನ್ ಕಡಿಮೆಯಾದರೆ ಕೂಸಿನ ಮಿದುಳಿಗೆ ಪೆಟ್ಟು. ಜರ್ಮನಿಯಲ್ಲಿ ಅಯೋಡಿನ್ ಉಪ್ಪು ಬೇಕಿದ್ದವರಿಗೆ ಉಂಟು, ಬೇಡದವರಿಗೆ ಇಲ್ಲ. ನನ್ನ ಜೊತೆ ಕೆಲಸ ಮಾಡುವಾಕೆ, ಮಿದುಳಿನ ಬೆಳವಣಿಗೆಯಲ್ಲೇ ಪಿಎಚ್‌ಡಿ ಮಾಡಿದವಳು, ಬಸುರಿಯಾಗಿದ್ದಾಗ ಸಾವಯವ ಅಂಗಡಿಯಿಂದ ಅಯೋಡಿನ್ ಹಾಕದ ಸಮುದ್ರದ ಉಪ್ಪು ತರುತ್ತಿದ್ದಳು. ನೈಸರ್ಗಿಕವಂತೆ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, “ಅಷ್ಟು ಓದಿ ಪ್ಯಾಕೆಟ್ ಮೇಲೆ ಬರೆದಿದ್ದು ಓದಲ್ವಾ?” ಎಂದಳು.

ನನಗೆ ಜಾಸ್ತಿ ಸಂಕಟ ಕೊಡುವುದು ಕೆಲಸದ ವಿಷಯ. ನಾನು ಸುಮ್ನೆ ದೂರುತ್ತಿಲ್ಲ, ಎರಡೂ ಕಡೆ ಅನುಭವಿಸಿದ್ದೇನೆ. ನನಗೀಗ 39. “ಇನ್ನೂ ಓದ್ತಾ ಇದೀಯಾ?” ಎಂದು ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಪೋಸ್ಟ್‌ಡಾಕ್ ಎಂದರೆ ಪಿಎಚ್‌ಡಿ ಮುಗಿದ ಮೇಲೆ ಕಾಂಟ್ರಾಕ್ಟ್ ಮೇಲೆ ಮಾಡುವ ಸಂಶೋಧನೆ. ಓದೂ ಅಲ್ಲ, ನೌಕರಿಯೂ ಅಲ್ಲ, ಹೇಗೆ ಹೇಳುವುದು? ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿಗೆ ಮುಂಚೆ 6 ವರ್ಷ, ಆಮೇಲೆ 6 ವರ್ಷ ಮಾತ್ರ ಕಾಂಟ್ರಾಕ್ಟ್ ಮೇಲೆ ಇಟ್ಟುಕೊಳ್ಳಬಹುದು ಎಂಬ ಕಾನೂನಿದೆ, ವೈದ್ಯಕೀಯದಲ್ಲಾದರೆ ಆಮೇಲಿನದು 9. ಅಷ್ಟರೊಳಗೆ ಪ್ರೊಫೆಸರ್ ಹುದ್ದೆಯೋ ಬೇರೆ ಖಾಯಂ ಕೆಲಸವೋ ಸಿಗದಿದ್ದರೆ ಹೊಸ ಪ್ರಾಜೆಕ್ಟಿನ ದುಡ್ಡು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಹೊರಗೆ. ಹೊಸಬರಿಗೆ ಜಾಗ ಇಲ್ಲದಂತಾಗಬಾರದು ಎಂದು ಹಾಗೆ ಮಾಡಿದ್ದಂತೆ. 2021ರಲ್ಲಿ ಇದರ ವಿರುದ್ಧ ಅಲ್ಲಿನ ಸಾವಿರಾರು ಸಂಶೋಧಕರು ಟ್ವಿಟರ್‌ನಲ್ಲಿ “ನಾನೇ ಹನ್ನಾ” ಎಂದು ಬರೆದರು. ಹನ್ನಾ ಎಂಬುದು ಈ ಕಾನೂನನ್ನು ವಿವರಿಸಲು ಸರ್ಕಾರ ಮಾಡಿದ ವಿಡಿಯೊದಲ್ಲಿ ಬರುವ ಕಾಲ್ಪನಿಕ ಹುಡುಗಿ. ನಾನೂ ಬರೆದೆ. ಏಳನೇ ಸಲ ಕಾಂಟ್ರಾಕ್ಟ್ ಮುಂದುವರಿಸಿಕೊಂಡ ವರ್ಷ ಅದು.

ಊರಲ್ಲಿ ಇದರ ಉಲ್ಟಾ. ನನ್ನ ಜೊತೆ ಪಿಯುಸಿ ಓದಿದವನೊಬ್ಬ ಈಗ ಒಂದು ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳ ಡಾಕ್ಟರು. ಕೆಲಸ ಖಾಯಂ. ಬೆಳಗ್ಗೆಯ ಓಪಿಡಿಯಲ್ಲೇ ಎಂಬತ್ತು ಮಕ್ಕಳು. ಅದರಲ್ಲಿ ವಾರಕ್ಕೆ ಎರಡು ಮೂರಾದರೂ ನಾನು ಹೈಡೆಲ್‌ಬರ್ಗ್‌ನಲ್ಲಿ ವರ್ಷಕ್ಕೊಮ್ಮೆ ನೋಡುವಂಥವು. ಅವನಿಗೆ ಇದು ಗೊತ್ತಿಲ್ಲದ್ದಲ್ಲ. ಜರ್ಮನಿಯಲ್ಲಿ ಆಗಿದ್ದರೆ ವಾರದಲ್ಲಿ ಎರಡು ದಿನ ಅವನನ್ನು ಓಪಿಡಿಯಿಂದ ಬಿಡಿಸಿ ಲ್ಯಾಬಿಗೆ ಕಳಿಸುತ್ತಿದ್ದರು, ಅದಕ್ಕೆಂದೇ ಹುದ್ದೆಗಳಿವೆ. ಇಲ್ಲಿ ಬಡ್ತಿಗೆ ಬೇಕಾದಷ್ಟು ಪೇಪರ್ ಬರೆದು ಕೈತೊಳೆದುಕೊಳ್ಳುತ್ತಾನೆ. “ಫ್ಯಾಮಿಲಿ ಹಿಸ್ಟರಿ ಕೇಳ್ತಾ ಕೂತ್ರೆ ಹಿಂದಿನ ಎಪ್ಪತ್ತೊಂಬತ್ತು ಜನ ಬೈತಾರೆ ಕಣೋ” ಅನ್ನುತ್ತಾನೆ. ಬೆಣ್ಣೆ ದೋಸೆ ತಿನ್ನುತ್ತಾ ಇದನ್ನು ಹೇಳಿದ, ಬೇಸರವೇನೂ ಇರಲಿಲ್ಲ ದನಿಯಲ್ಲಿ. ಅದೇ ನನಗೆ ಬೇಸರ.

ಹಾಗಾಗಿ ಮಗುವಿನ ಅಪ್ಪ ಅಮ್ಮ ರಾತ್ರಿ ಬಸ್ಸು ಹತ್ತುತ್ತಾರೆ. ಬೆಂಗಳೂರಿಗೆ 260 ಕಿಲೋಮೀಟರು, ಬೆಳಗ್ಗೆ ನಿಮ್ಹಾನ್ಸ್ ಮುಂದೆ ಸಾಲು. ಅಲ್ಲಿ ಒಳ್ಳೆ ಡಾಕ್ಟರುಗಳಿದ್ದಾರೆ, ಒಳ್ಳೆ ಸಂಶೋಧನೆಯೂ ಇದೆ. ಆದರೆ ಅಜ್ಜಿ ಬಸ್ಸು ಹತ್ತುವುದಿಲ್ಲ. ನಾಲ್ಕು ತಲೆಮಾರಿನ ಲೆಕ್ಕ ನಿಟುವಳ್ಳಿಯಲ್ಲೇ ಉಳಿಯುತ್ತದೆ.

ಅದರ ಬೆಲೆ ಎಷ್ಟು ಎಂದು ಕೇಳಿದರೆ ಒಂದು ಉದಾಹರಣೆ ಕೊಡುತ್ತೇನೆ. ಹುಟ್ಟುವಾಗಲೇ ತಲೆ ತೀರ ಚಿಕ್ಕದಿರುವ ಕಾಯಿಲೆಯೊಂದಕ್ಕೆ ಮುಖ್ಯ ಕಾರಣ ಎಎಸ್‌ಪಿಎಂ ಎಂಬ ಜೀನ್. 2002ರಲ್ಲಿ ಅದು ಗೊತ್ತಾಯಿತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆದ ಕೆಲಸ. ದಾರಿ ತೋರಿಸಿದ್ದು ಹೆಚ್ಚಾಗಿ ಪಾಕಿಸ್ತಾನ ಮೂಲದ, ಸಂಬಂಧದಲ್ಲೇ ಮದುವೆಯಾದ ಕುಟುಂಬಗಳು. ಮನುಷ್ಯನ ಮಿದುಳು ಇಷ್ಟು ದೊಡ್ಡದಾಗಿ ಬೆಳೆಯುವುದು ಹೇಗೆ ಎಂಬ ಪ್ರಶ್ನೆಗೆ ಒಂದು ಎಳೆ ಸಿಕ್ಕಿದ್ದು ಆ ಮನೆಗಳಿಂದ. ಅಂಥ ಮನೆಗಳು ಹೊನ್ನಾಳಿ, ಜಗಳೂರು, ಹಿರಿಯೂರಿನಲ್ಲಿ ಇಲ್ಲವಾ? ಆಗ ಪರೀಕ್ಷೆಗೆ ದುಡ್ಡಿರಲಿಲ್ಲ ಎನ್ನೋಣ. ಮನುಷ್ಯನ ಜೀನೋಮ್, ಅಂದರೆ ಎಲ್ಲ ಜೀನ್‌ಗಳೂ ಇರುವ ಪೂರ್ತಿ ಬರಹ, ಮೊದಲ ಸಲ ಓದಲು 1990ರಿಂದ 2003ರವರೆಗೆ ಹಿಡಿಯಿತು. ಈಗ ದಾವಣಗೆರೆಯಲ್ಲಿ ತೆಗೆದ ರಕ್ತ ಕೊರಿಯರ್‌ನಲ್ಲಿ ಬೆಂಗಳೂರಿಗೆ ಹೋಗಿ ಕೆಲವು ವಾರಗಳಲ್ಲಿ ರಿಪೋರ್ಟು ಬರುತ್ತದೆ.

ಕುಟುಂಬದ ಕತೆ ಕೆದಕುವಾಗ ಹೆದರಿಕೆಯೂ ಇರಬೇಕು. ಇದನ್ನು ಕಲಿಸಿದ್ದು ಹೈಡೆಲ್‌ಬರ್ಗೇ. ನಾಜಿಗಳ ಕಾಲದಲ್ಲಿ ಅಲ್ಲಿನ ಮನೋವೈದ್ಯ ಕ್ಲಿನಿಕ್ಕಿನ ಮುಖ್ಯಸ್ಥ ಕಾರ್ಲ್ ಶ್ನೈಡರ್ ಬುದ್ಧಿ ಬೆಳೆಯದ ಮಕ್ಕಳನ್ನು ವಾರಗಟ್ಟಲೆ ಪರೀಕ್ಷೆ ಮಾಡಿಸಿದ. ಅವರಲ್ಲಿ 21 ಮಕ್ಕಳನ್ನು ಐಷ್‌ಬರ್ಗ್ ಎಂಬ ಆಸ್ಪತ್ರೆಯಲ್ಲಿ ಕೊಂದರು. ಸತ್ತ ಮೇಲೆ ಮಿದುಳು ನೋಡುವುದು ಯೋಜನೆಯ ಭಾಗವೇ ಆಗಿತ್ತು. ಆ ಮಕ್ಕಳ ಸ್ಮಾರಕ ಹೈಡೆಲ್‌ಬರ್ಗ್‌ನಲ್ಲೇ ಇದೆ. ಲ್ಯಾಬಿಗೆ ಸೇರಿದ ಮೊದಲ ತಿಂಗಳು ಒಬ್ಬ ಹಿರಿಯ ಸಹೋದ್ಯೋಗಿ ಕರೆದುಕೊಂಡು ಹೋಗಿ ತೋರಿಸಿದರು. ಏನೂ ಮಾತಾಡಲಿಲ್ಲ.

ಸಂಶೋಧನೆಗೆ ಮಗುವನ್ನು ಸೇರಿಸಿಕೊಳ್ಳುವ ಮುಂಚೆ ಸಹಿ ಹಾಕಿಸುವ ಅಲ್ಲಿನ ಒಪ್ಪಿಗೆ ಪತ್ರ ಹದಿನಾಲ್ಕು ಪುಟ ಯಾಕಿದೆ ಎಂದು ಆಮೇಲೆ ನಾನು ಗೊಣಗಿಲ್ಲ. ತಂದೆ ತಾಯಿ ಮನೆಗೆ ಒಯ್ದು ಓದಿ, ಗೆರೆ ಎಳೆದು, ಪ್ರಶ್ನೆ ಬರೆದುಕೊಂಡು ಬರುತ್ತಾರೆ. ನಮ್ಮಲ್ಲಿ “ಡಾಕ್ಟ್ರೇ, ನಿಮ್ಗೆ ಗೊತ್ತಿರಲ್ವಾ, ಎಲ್ಲಿ ಸೈನ್ ಹಾಕ್ಬೇಕು?” ಎಂದು ಕೈ ಚಾಚುತ್ತಾರೆ. ಇದನ್ನು ನಂಬಿಕೆ ಎಂದು ಹೊಗಳುವವರಿದ್ದಾರೆ. ನನಗೆ ಅದು ಹೊಗಳುವಂಥದ್ದು ಅನಿಸುವುದಿಲ್ಲ. ಕೂತು ಕನ್ನಡದಲ್ಲಿ, ಊರ ಮಾತಿನಲ್ಲಿ ಹೇಳಬೇಕು. ಕಪ್ಪು ತುಂಬಿದ ಚೌಕ ಅಂದರೆ ಏನು, ಇದು ಗೊತ್ತಾದರೆ ಮನೆಯ ಹೆಣ್ಣುಮಕ್ಕಳ ಮದುವೆಗೆ ತೊಡಕಾಗಬಹುದು, ಹೊರಗೆ ಹೋಗದಂತೆ ಹೇಗೆ ಕಾಯುತ್ತೇವೆ, ಎಲ್ಲ. ಹದಿನಾಲ್ಕು ಪುಟದ ಕೆಲಸ ಒಂದು ಗಂಟೆಯ ಮಾತಿನಲ್ಲಿ ಆದೀತು. ಆ ಒಂದು ಗಂಟೆ ಇರುವ ಮನುಷ್ಯ ಬೇಕು.

ನಾನು ಕೇಳುವುದು ಇಷ್ಟೇ. ಚಳ್ಳಕೆರೆಯ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಇದೆ. ದಾವಣಗೆರೆ, ಚಿತ್ರದುರ್ಗ ಎರಡು ಕಡೆಯೂ ಮೆಡಿಕಲ್ ಕಾಲೇಜುಗಳಿವೆ. ರೋಗಿಗಳಿದ್ದಾರೆ, ಅಜ್ಜಿಯರಿದ್ದಾರೆ. ಇಷ್ಟರ ನಡುವೆ ಓಡಾಡುವ ನಾಲ್ಕು ಹುದ್ದೆ ಬೇಕು. ಅರ್ಧ ದಿನ ಓಪಿಡಿ, ಅರ್ಧ ದಿನ ಸಂಶೋಧನೆ, ಸಂಬಳ ಖಾಯಂ. ಜರ್ಮನಿಯವರಿಂದ ಬಿಡುವು ಕಲಿಯೋಣ, ಅವರ ಹನ್ನೆರಡು ವರ್ಷದ ಗಡುವು ಬೇಡ. ಇಂಥ ಹುದ್ದೆ ಬಂದರೆ ನೀನು ವಾಪಸ್ ಬರ್ತೀಯಾ ಎಂದು ಗೆಳೆಯ ಕೇಳಿದ. ತಟ್ಟನೆ ಹೂಂ ಅನ್ನಲು ಆಗಲಿಲ್ಲ. ಮಗಳ ಸ್ಕೂಲು, ಹೆಂಡತಿಯ ಕೆಲಸ ಎಲ್ಲ ನೆನಪಾಯಿತು. ಹಾಗಾಗಿ ಇದು ನನಗಾಗಿ ಕೇಳುತ್ತಿರುವುದಲ್ಲ. ಈಗ ಊರಲ್ಲಿ ಬಿ.ಎಸ್‌ಸಿ. ಓದುತ್ತಿರುವ ಹುಡುಗಿಗಾಗಿ.

ಲಗ್ನಪತ್ರಿಕೆಯನ್ನು ಹೈಡೆಲ್‌ಬರ್ಗ್‌ಗೆ ತಂದಿದ್ದೇನೆ. ಯಾವ ಕಡತಕ್ಕೂ ಸೇರಿಸಿಲ್ಲ, ಸೇರಿಸುವ ಹಾಗೂ ಇಲ್ಲ. ಹೋದ ವಾರ ಅಜ್ಜಿ ಅಮ್ಮನ ಫೋನಿನಿಂದ ಮಾಡಿದಳು. “ಅವತ್ತು ಒಂದು ಬಿಟ್ಟಿದ್ದೆ ಕಣೋ. ನಿಮ್ಮಪ್ಪನಿಗಿಂತ ಮುಂಚೆ ಒಂದು ಹೆಣ್ಣುಕೂಸು. ಒಂಬತ್ತು ದಿನ ಇತ್ತು. ಬರ್ಕೊಂಡ್ಯಾ?” ಹೆಸರೇನು ಎಂದೆ. ಹೆಸರಿಟ್ಟಿರಲಿಲ್ಲ ಅಂದಳು. ಅಪ್ಪನ ಚೌಕದ ಎಡಕ್ಕೆ ಸ್ವಲ್ಪ ಜಾಗ ಇತ್ತು. ಅಲ್ಲೊಂದು ಸೊನ್ನೆ ಬರೆದೆ.