ಎಣ್ಣೆ ಯಾವುದು ಹಾಕ್ಲಿ ಸರ್?

ಕಾರನ್ನು ಸರ್ವೀಸಿಗೆ ಬಿಟ್ಟ ದಿನ ಒಂದು ಫೋನ್ ಬಂದೇ ಬರುತ್ತದೆ. ಅದೂ ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನ ಕಡೆ ತಿರುಗಿದ ಹೊತ್ತಿಗೇ ಸರಿಯಾಗಿ.

"ಸರ್, ಎಂಜಿನ್ ಆಯಿಲ್ ಸಿಂಥೆಟಿಕ್ ಹಾಕ್ಲಾ, ನಾರ್ಮಲ್ ಹಾಕ್ಲಾ?"

"ಯಾವುದು ಒಳ್ಳೇದು?"

"ಸಿಂಥೆಟಿಕ್ ಒಳ್ಳೇದು ಸರ್."

"ಹಾಗಾದ್ರೆ ನಾರ್ಮಲ್ ಕೆಟ್ಟದ್ದಾ?"

"ಅದೂ ಒಳ್ಳೇದೇ ಸರ್. ನಿಮ್ಮಿಷ್ಟ."

ಈ 'ನಿಮ್ಮಿಷ್ಟ' ಕೇಳಿದರೆ ಮೈ ಉರಿಯುತ್ತದೆ. ಎಂಜಿನ್ ಬಿಚ್ಚಲು ಕಲಿತವರು ಅವರು, ತೀರ್ಪು ಕೊಡಬೇಕಾದವನು ನಾನು! ರೇಟು ಕೇಳಿದೆ. ಸಿಂಥೆಟಿಕ್ಕಿನದು ನಾರ್ಮಲ್ಲಿನ ಹತ್ತಿರ ಹತ್ತಿರ ದುಪ್ಪಟ್ಟು. "ಮೂರು ಲೀಟರ್ ಎಣ್ಣೆಗೆ ಅಷ್ಟೊಂದಾ?" ಎಂದದ್ದು ಸ್ವಲ್ಪ ಜೋರಾಗಿಯೇ ಕೇಳಿಸಿರಬೇಕು. ರೂಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೆಳಗಿನ ಹೊತ್ತಿನಲ್ಲೇ ಎಣ್ಣೆಯನ್ನು ಲೀಟರ್ ಲೆಕ್ಕದಲ್ಲಿ ಮಾತಾಡುವವನ ಮೇಲೆ ಅವರಿಗೆ ಕನಿಕರ ಬಂತೋ ಗೌರವ ಬಂತೋ ತಿಳಿಯಲಿಲ್ಲ.

ಮನೆಯಲ್ಲಿ ಇದಕ್ಕೆಲ್ಲ ತಜ್ಞರು ನಮ್ಮ ಮಾವನವರು. ರಿಟೈರಾದ ಹೈಸ್ಕೂಲು ಮೇಷ್ಟ್ರು. ಕಾರು ಓಡಿಸಲು ಬರುವುದಿಲ್ಲ, ಆದರೆ ಭಾನುವಾರ ಕಾಫಿ ಆದ ಮೇಲೆ ಬಾನೆಟ್ ತೆಗೆಸದೆ ಬಿಡುವುದಿಲ್ಲ. ಡಿಪ್‌ಸ್ಟಿಕ್ ಎಂಬ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು, ನನ್ನ ಒಗೆದ ಬನಿಯನ್ನಿನಲ್ಲೇ ಒರೆಸಿ, ಮತ್ತೆ ಅದ್ದಿ, ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನಿಧಾನ ಬಿಡಿಸುತ್ತಾರೆ, ಮೈಸೂರ್ ಪಾಕಿಗೆ ಒಂದೆಳೆ ಪಾಕ ಬಂತೇ ಎಂದು ನೋಡುವ ಹಾಗೆ. ಆಮೇಲೆ ಮೂಸುತ್ತಾರೆ. ಆಮೇಲೆ ಕಣ್ಣು ಮುಚ್ಚುತ್ತಾರೆ. ಅಷ್ಟರಲ್ಲಿ ಪಕ್ಕದ ಮನೆಯವರೂ ಕಾಂಪೌಂಡಿನ ಮೇಲೆ ಕೈಯಿಟ್ಟು ನಿಂತಿರುತ್ತಾರೆ.

"ಕಪ್ಪಾಗಿದೆ ಅಳಿಯಂದ್ರೇ. ಹೋಯ್ತು."

ಕಪ್ಪಾಗುವುದೇ ಅದರ ಕೆಲಸ. ಎಂಜಿನ್ನಿನ ಮಸಿಯನ್ನು ಎಣ್ಣೆ ತನ್ನೊಳಗೆ ಎಳೆದುಕೊಳ್ಳಲಿ ಎಂದೇ ಅದಕ್ಕೆ ಡಿಟರ್ಜೆಂಟ್ ಬೆರೆಸಿರುತ್ತಾರೆ. ಕಪ್ಪು ಎಂದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ. ಇದನ್ನು ಹೇಳಿ ನೋಡಿದೆ. "ಹೌದಾ? ಹಾಗಾದ್ರೆ ಮುಂದಿನ ವಾರ ಇನ್ನೊಮ್ಮೆ ನೋಡೋಣ" ಎಂದರು. ಬನಿಯನ್ನು ಮಾತ್ರ ವಾಪಸ್ ಬರಲಿಲ್ಲ.

ಅವರ ಎಣ್ಣೆಜ್ಞಾನವೆಲ್ಲ ಹಳೇ ಟೂ ಸ್ಟ್ರೋಕ್ ಬಜಾಜ್ ಸ್ಕೂಟರಿನದು. ಬಂಕಿನ ಹುಡುಗ ಪೆಟ್ರೋಲಿಗೇ ಎಣ್ಣೆ ಬೆರೆಸಿ ಕೊಡುತ್ತಿದ್ದ. ಯಾವ ಎಣ್ಣೆ ಎಂದು ಅವನೂ ಕೇಳುತ್ತಿರಲಿಲ್ಲ, ಇವರೂ ಹೇಳುತ್ತಿರಲಿಲ್ಲ. ಸ್ಟಾರ್ಟ್ ಆಗದಿದ್ದರೆ ಸ್ಕೂಟರನ್ನು ಒಂದು ಕಡೆಗೆ ವಾಲಿಸಿ ಮತ್ತೆ ಒದೆಯುವುದು. ಚಿಕ್ಕವಳಿದ್ದಾಗ ಆ ಸ್ಕೂಟರಿನಲ್ಲಿ ಅಪ್ಪನ ಮುಂದೆ ನಿಂತು ಹೋಗುತ್ತಿದ್ದವಳು ನನ್ನ ಹೆಂಡತಿ. ಆ ಹೊಗೆಯ ವಾಸನೆ ಈಗಲೂ ಇಷ್ಟ ಅಂತಾಳೆ. ಸ್ಕೂಟರ್ ಮಾರಿದ ದಿನ ಅಪ್ಪ ಊಟ ಮಾಡಲಿಲ್ಲವಂತೆ. ಇದು ಗೊತ್ತಾದ ಮೇಲೆ ಬಾನೆಟ್ ವಿಷಯಕ್ಕೆ ನಾನು ಜಾಸ್ತಿ ಜಗಳ ಆಡುವುದಿಲ್ಲ. ಬನಿಯನ್ನಿನ ವಿಷಯ ಬೇರೆ.

ಕೊನೆಗೆ ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದೆ. ಅಲ್ಲಿ ಸಿಂಥೆಟಿಕ್ಕೋ ನಾರ್ಮಲ್ಲೋ ಎಂಬ ಮಾತೇ ಇಲ್ಲ. ಎಣ್ಣೆ ಎಷ್ಟು ತೆಳು, ಎಷ್ಟು ಮಂದ ಎಂದು ತಿಳಿಸುವ 5ಡಬ್ಲ್ಯೂ-30 ಎಂಬ ದರ್ಜೆ ಇದೆ, ಅಷ್ಟೇ. ಡಬ್ಲ್ಯೂ ಎಂದರೆ ವಿಂಟರ್, ಕೊನೆಯ 30 ಬಿಸಿ ಎಂಜಿನ್ನಿನಲ್ಲಿ ಎಣ್ಣೆ ಎಷ್ಟು ಮಂದ ಎಂಬುದರ ಲೆಕ್ಕ. ಆ 5 ಸಿಗಬೇಕಾದರೆ ಮೈನಸ್ 30 ಡಿಗ್ರಿ ಚಳಿಯಲ್ಲೂ ಎಂಜಿನ್ ತಿರುಗಲು ಅಡ್ಡಿಯಾಗದಷ್ಟು ಎಣ್ಣೆ ತೆಳುವಾಗಿರಬೇಕು. ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆಗ ಇಲ್ಲಿ ಕಾರೇ ಇರಲಿಲ್ಲ!

ನಮ್ಮ ಕಷ್ಟ ಚಳಿಯದಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನದು. ಅಲ್ಲಿ ಎಂಜಿನ್ ಓಡುತ್ತಿರುತ್ತದೆ, ಕಾರು ಓಡುವುದಿಲ್ಲ. ಮೀಟರಿನಲ್ಲಿ ಕಿಲೋಮೀಟರ್ ಏರದಿದ್ದರೂ ಒಳಗೆ ಎಣ್ಣೆ ಬೇಯುತ್ತಲೇ ಇರುತ್ತದೆ. ಸಿಂಥೆಟಿಕ್ ಎಣ್ಣೆಯ ಅಣುಗಳು ಹೆಚ್ಚುಕಮ್ಮಿ ಒಂದೇ ಅಳತೆಯವು. ಹಾಗಾಗಿ ಬಿಸಿಗೆ ಬೇಗ ಕೆಡುವುದಿಲ್ಲ, ಗಸಿ ಕಟ್ಟುವುದೂ ಕಡಿಮೆ. ಟರ್ಬೊ ಕಾರು, 0ಡಬ್ಲ್ಯೂ-20 ಕೇಳುವ ಹೊಸ ಕಾರು ಇರುವವರಿಗೆ ಈ ಯೋಚನೆಯೇ ಬೇಡ, ಸುಮ್ನೆ ಸಿಂಥೆಟಿಕ್ ಹಾಕಿಸಬೇಕು. ಹಳೇ ಕಾರಿಗೆ 20ಡಬ್ಲ್ಯೂ-50 ಹಾಕಿಸುವವರೂ ನೆಮ್ಮದಿಯಾಗಿದ್ದಾರೆ. ಒದ್ದಾಟವೆಲ್ಲ ನಡುವೆ ಇರುವ ನಮ್ಮಂಥವರದು. ಡಬ್ಬದ ಮೇಲೆ ಸಿಂಥೆಟಿಕ್ ಎಂದಿರುವ ಎಷ್ಟೋ ಎಣ್ಣೆಗಳೂ ನಾರ್ಮಲ್ ಎಣ್ಣೆ ತೆಗೆಯುವ ಅದೇ ಕಚ್ಚಾ ತೈಲವನ್ನು ಇನ್ನಷ್ಟು ಸಂಸ್ಕರಿಸಿ ಮಾಡಿದವು ಎಂದು ತಿಳಿದಾಗ ಮತ್ತೊಮ್ಮೆ ಹೊಟ್ಟೆ ಉರಿಯಿತು. ಉರಿದರೂ ಸಿಂಥೆಟಿಕ್ಕೇ ಹಾಕಿಸಿದೆ. ಸಿಲ್ಕ್ ಬೋರ್ಡ್ ದಾಟುವವನಿಗೆ ಅದೇ ಸರಿ.

ಕಾರು ಮನೆಗೆ ಬಂತು. ನೋಡಿದರೆ ಮುಂದಿನ ಗಾಜಿನ ಮೂಲೆಯಲ್ಲಿ ಸ್ಟಿಕರ್: ಮುಂದಿನ ಆಯಿಲ್ 5,000 ಕಿಲೋಮೀಟರಿಗೆ! ಪುಸ್ತಕದಲ್ಲಿ 10,000 ಎಂದಿದೆ. ದುಪ್ಪಟ್ಟು ದುಡ್ಡು ಕೊಟ್ಟು ಅರ್ಧ ಆಯಸ್ಸಾ? ಸಿಟ್ಟಿಗೆ ಸ್ಟಿಕರ್ ಕಿತ್ತೆ. ಕಾಗದ ಬಂತು, ಗೋಂದು ಅಲ್ಲೇ ಉಳಿಯಿತು. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೆ ಹೋಗುತ್ತದಂತೆ. ಗಾಣದ್ದೋ ಪ್ಯಾಕೆಟ್ಟಿನದೋ ಎಂದು ಜೋರಾಗಿ ಕೇಳುವ ಧೈರ್ಯವಿಲ್ಲ. ಮಾವನವರು ಒಳಗೇ ಇದ್ದಾರೆ.