ರೇಡಿಯೇಟರ್‌ಗೆ ಬೋರ್ ನೀರು ಬೇಡ
ಹಳೇ ಕಾರುಗಳ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಹಳೇ ಕಾರಿನ ಇಂಜಿನ್ ತಣ್ಣಗಿಡುವ ರೇಡಿಯೇಟರ್‌ಗೆ ನಲ್ಲಿ ನೀರು ಸಾಕು ಅಂದಿದ್ದೀರಲ್ಲ, ಆ ಮಾತನ್ನು ನಮ್ಮ ಕೋಲಾರದ ಕಡೆಯವರು ದಯವಿಟ್ಟು ಪಾಲಿಸಬೇಡಿ. ಇಲ್ಲಿ ನಲ್ಲಿಯಲ್ಲಿ ಬರುವುದು ಹೆಚ್ಚಾಗಿ ಬೋರ್‌ವೆಲ್‌ನ ಗಡಸು ನೀರು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ ಅಲ್ವಾ, ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ.

ನನ್ನ ಮಾರುತಿ 800ಕ್ಕೆ ಎರಡು ವರ್ಷ ಬೋರ್ ನೀರೇ ಹಾಕಿದ್ದೆ. ಏಪ್ರಿಲ್ ಬಿಸಿಲಲ್ಲಿ ಮುಳಬಾಗಿಲಿಗೆ ಹೋಗುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ತಕ್ಷಣ ನಿಲ್ಲಿಸಿದ್ದರಿಂದ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲ್ಭಾಗವಾದ ಹೆಡ್‌ನ ಕೆಳಗೆ ಸೋರದಂತೆ ಇಡುವ ಪದರ) ಉಳಿಯಿತು. ಈ ಕಾರಿನ ಹೆಡ್ ಅಲ್ಯೂಮಿನಿಯಂ, ಜಾಸ್ತಿ ಕಾದರೆ ಸೊಟ್ಟಗಾಗುತ್ತದೆ.

ಈಗ ಬೋರ್ ನೀರಿನ ಬದಲು ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಹಾಕುತ್ತೇನೆ, ಅದನ್ನು ನಾನೇ ಬದಲಿಸುತ್ತೇನೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿ ಇದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಹಳೆಯದನ್ನು ಖಾಲಿ ಮಾಡಿ, ನೀರು ಬೆರೆಸದ ಗಟ್ಟಿ ಕೂಲಂಟ್ ಮತ್ತು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಬೆರೆಸಿ ತುಂಬಿ. ಆಮೇಲೆ ಮುಚ್ಚಳ ಹಾಕದೆ ಸ್ವಲ್ಪ ಹೊತ್ತು ಇಂಜಿನ್ ಓಡಿಸಿದರೆ ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಹಳೇ ಕೂಲಂಟ್ ಚರಂಡಿಗೆ ಸುರಿಯಬೇಡಿ. ಅದು ಸಿಹಿ, ವಿಷ ಕೂಡ. ಬೀದಿ ನಾಯಿ ನೆಕ್ಕಿದರೆ ಸತ್ತೇ ಹೋಗಬಹುದು.

ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್) ಕಿತ್ತು ಬಿಸಾಕಿ ಅನ್ನುವವರ ಮಾತೂ ಕೇಳಬೇಡಿ. ಇಂಜಿನ್ ಸರಿಯಾಗಿ ಬಿಸಿಯಾಗದೆ ಸುಮ್ನೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.